ಗೌಡ್ರು ಕಡಲಿಗೆ ಗಾಳ ಹಾಕಿದ್ದು

ಕೊಕ್ಕೆಯ ಮೊನೆ ಚೂಪಾಗಿದೆಯೋ ಇಲ್ಲವೋ ಎಂದು ನೋಡಲು ಅವರು ಅದನ್ನು ಎಡಗೈ ಹೆಬ್ಬೆರಳಿನ ಉಗುರಿನ ಮೇಲೆ ಮೆಲ್ಲಗೆ ಎಳೆಯುತ್ತಿದ್ದರು. ಮೊನೆ ಉಗುರಿಗೆ ಕಚ್ಚಿ ನಿಂತರೆ ಸರಿ. ಜಾರಿದರೆ ಆ ಕೊಕ್ಕೆಗೆ ಅವತ್ತು ರಜೆ. ಹಾಗೆ ಎಳೆದೂ ಎಳೆದೂ ಆ ಉಗುರಿನ ತುಂಬ ಬಿಳಿ ಗೀರುಗಳು ಬಿದ್ದಿದ್ದವು. ಹೋದ ತಿಂಗಳು ಅವರು ತೀರಿಕೊಂಡ ಸುದ್ದಿ ಕೇಳಿ ಶ್ರೀರಾಂಪುರದ ಹತ್ತಿರದ ಅವರ ಊರಿಗೆ ಹೋದಾಗ ನಾನು ಮುಖಕ್ಕಿಂತ ಮೊದಲು ನೋಡಿದ್ದು ಆ ಉಗುರನ್ನು. ಗೀರುಗಳಿರಲಿಲ್ಲ. ಕೊನೆಯ ಕೆಲವು ವರ್ಷ ಅವರಿಗೆ ಕಣ್ಣು ಮಂಜಾಗಿ ಗಾಳ ಮುಟ್ಟಿರಲಿಲ್ಲವಂತೆ. ಉಗುರು ಹೊಸದಾಗಿ ಬೆಳೆದು ನುಣ್ಣಗಿತ್ತು. ಅದನ್ನು ಕಂಡ ಮೇಲೆಯೇ ನನಗೆ ಅಳು ಬಂದದ್ದು.

ಹೆಸರು ಬರೆಯುವುದಿಲ್ಲ. ಎಲ್ಲರೂ ಕರೆಯುತ್ತಿದ್ದಂತೆ ಗೌಡ್ರು ಎಂದೇ ಕರೆಯುತ್ತೇನೆ. ಎಪ್ಪತ್ತರ ದಶಕದಲ್ಲಿ ಮಾರಿಕಣಿವೆ ಜಲಾಶಯದ ನೀರಾವರಿ ಕಛೇರಿಯಲ್ಲಿ ಅವರು ಹೆಡ್ ಕ್ಲಾರ್ಕ್, ನಾನು ಟೈಪಿಸ್ಟು. ಬಿಳಿ ಪಂಚೆ, ತೋಳು ಮಡಿಸಿದ ಬಿಳಿ ಅಂಗಿ, ಹೆಗಲ ಮೇಲೊಂದು ಟವೆಲು. ದನಿ ಮಾತ್ರ ದೇವರು ಕುರಿ ಹಿಂಡಿಗೆಂದು ಮಾಡಿ ತಪ್ಪಿ ಕಛೇರಿಗೆ ಕೊಟ್ಟಿದ್ದು. ಒಳಗೆ ಕುಳಿತು 'ಲೇ, ಆ ಫೈಲು ತಗಂಬಾರೋ' ಎಂದರೆ ಹೊರಗೆ ಮರದಡಿ ಮಲಗಿದ್ದ ನಾಯಿ ಎದ್ದು ನಿಲ್ಲುತ್ತಿತ್ತು. ಸಾಹೇಬರು ರೇಗಿದರೆ ನಮಗೆ ಭಯವಾಗುತ್ತಿರಲಿಲ್ಲ. ಗೌಡ್ರು ಸುಮ್ಮನೆ ಸಮಯ ಎಷ್ಟೆಂದು ಕೇಳಿದರೂ ಎದೆ ಧಸಕ್ ಎನ್ನುತ್ತಿತ್ತು.

ಅದೇ ಮನುಷ್ಯ ಭಾನುವಾರ ಗಾಳ ಹಿಡಿದು ಹರಿಗೋಲು ಹತ್ತಿದರೆ ಮೂಗರಾಗುತ್ತಿದ್ದರು.

ನಮ್ಮದು ಬಿ.ದುರ್ಗದ ಕಡೆಯ ಮನೆತನ. ಮೀನಿರಲಿ, ಮೊಟ್ಟೆಯ ಹೆಸರನ್ನೂ ಅಡುಗೆಮನೆಯಲ್ಲಿ ಎತ್ತುವಂತಿಲ್ಲ. ಅಂಥ ಮನೆಯ ನನ್ನನ್ನು ಅವರು ಯಾಕೆ ಹರಿಗೋಲಿಗೆ ಹತ್ತಿಸಿಕೊಂಡರು ಎಂದು ಒಮ್ಮೆ ಕೇಳಿದ್ದೆ. 'ಏನಪ್ಪ, ನೀನು ತಿನ್ನಲ್ಲ. ತಿನ್ನಾರು ಬಂದ್ರೆ ಕುಂತ ತಕ್ಷಣ ಸಾರಿನ ಮಾತು ತೆಗೀತಾರೆ' ಎಂದರು. ತಮಾಷೆಯೆಂದರೆ ಅವರೂ ತಿನ್ನುತ್ತಿರಲಿಲ್ಲ. ಬಾಡೆಂದರೆ ಅವರಿಗೆ ಕುರಿಯ ಬಾಡು. ಮೀನಿನ ಮುಳ್ಳು ಆರಿಸುತ್ತ ಕೂರುವ ತಾಳ್ಮೆ ಯಾರಿಗಿದೆ ಎನ್ನುತ್ತಿದ್ದರು. ಹಿಡಿದದ್ದನ್ನೆಲ್ಲ ಕಛೇರಿಯವರ ಕಾಲೊನಿಯಲ್ಲಿ ಹಂಚಿ, ಕೈ ತೊಳೆದುಕೊಂಡು, ಮನೆಗೆ ಹೋಗಿ ಮುದ್ದೆ ಉಣ್ಣುತ್ತಿದ್ದರು. ಒಂದು ಮೀನಿಗಾಗಿ ಅರ್ಧ ದಿನ ಬಿಸಿಲಲ್ಲಿ ಕಲ್ಲಾಗಿ ಕೂರುವ ಮನುಷ್ಯನಿಗೆ ಮುಳ್ಳು ಆರಿಸುವ ತಾಳ್ಮೆ ಇರಲಿಲ್ಲ! ಇದನ್ನು ನಾನು ಇವತ್ತಿಗೂ ಅರ್ಥ ಮಾಡಿಕೊಂಡಿಲ್ಲ.

ಅವರದು ತಲೆಮಾರುಗಳಿಂದ ಕುರಿ ಸಾಕಿದ ಮನೆ. ಅಣ್ಣತಮ್ಮಂದಿರು ಇನ್ನೂ ಹಿಂಡು ಹೊಡೆದುಕೊಂಡು ಹೋಗುತ್ತಿದ್ದರು. 'ನಮ್ಮೋನು ಓದಿ ಓದಿ ಕೊನೀಗೆ ಮೀನು ಕಾಯಕ್ಕೆ ಹೋದ' ಎಂದು ನಗುತ್ತಿದ್ದರು. ಗೌಡ್ರು ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ಮನೆಯ ಕಸುಬನ್ನೇ ಅವರು ನೀರಿಗೆ ತಂದಿದ್ದರು. ಕೊಕ್ಕೆಗಳನ್ನು ಇಡಲು ಅವರಿಗೆ ಡಬ್ಬಿ ಇರಲಿಲ್ಲ. ಒಂದು ಕರಿಕಂಬಳಿಯ ಪಟ್ಟಿ, ಅದರ ಉದ್ದಕ್ಕೂ ಚುಚ್ಚಿದ ಕೊಕ್ಕೆಗಳು. ಈ ತುದಿಯಲ್ಲಿ ಅಕ್ಕಿಕಾಳು ಕಚ್ಚುವ ಮೀನಿಗೆ ಬೇಕಾದ ಚಿಕ್ಕದು, ಆ ತುದಿಯಲ್ಲಿ ಕೋಳಿ ನುಂಗುವ ಬಾಳೆಮೀನಿಗೆ ಬೇಕಾದ ದೊಡ್ಡದು. ಪಟ್ಟಿಯನ್ನು ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡರೆ ಆಯಿತು. 'ಉಣ್ಣೇಲಿ ಜಿಡ್ಡೈತೆ ಕಣಪ್ಪ. ಕಬ್ಬಿಣಕ್ಕೆ ತುಕ್ಕು ಹತ್ತಗೊಡಲ್ಲ' ಎನ್ನುತ್ತಿದ್ದರು. ರಾಗಿಹಿಟ್ಟು, ಕಡಲೆಕಾಯಿ ಹಿಂಡಿ ಕಲಸಿ ಉಂಡೆ ಕಟ್ಟುವಾಗ ಅದರೊಳಗೆ ಒಂದೆಳೆ ಕುರಿಯ ಉಣ್ಣೆ ಹಿಂಜಿ ಸೇರಿಸುತ್ತಿದ್ದರು. ಆಗ ಹಿಟ್ಟು ನೀರಿನಲ್ಲಿ ಕರಗಿ ಬೀಳದೆ ಕೊಕ್ಕೆಗೆ ಅಂಟಿಕೊಂಡಿರುತ್ತಿತ್ತು.

ಯಾವ ಮೀನಿಗೆ ಯಾವ ಕೊಕ್ಕೆ ಎನ್ನುವುದನ್ನು ಅವರು ಮೀನಿನ ಬಾಯಿ ನೋಡಿ ನಿರ್ಧರಿಸುತ್ತಿದ್ದರು. ಹಿರಿಯೂರಿನ ಸಂತೆಗೆ ಹೋದರೆ ಮೀನಿನ ಬುಟ್ಟಿಗಳ ಮುಂದೆ ಕುಕ್ಕರುಗಾಲಲ್ಲಿ ಕೂತು ಒಂದೊಂದರ ಬಾಯಿಯನ್ನೂ ಬೆರಳಲ್ಲಿ ಬಿಡಿಸಿ ನೋಡುವರು. ತುಟಿ ಮೆತ್ತಗಿದೆಯೇ, ಹಲ್ಲಿದೆಯೇ, ಬಾಯಿ ಮೇಲಕ್ಕೆ ತೆರೆಯುತ್ತದೋ ಕೆಳಕ್ಕೋ. ಮಾರುವ ಹೆಂಗಸು ಒಮ್ಮೆ ಸಿಟ್ಟಾಗಿ, 'ತಗಳಾದಿದ್ರೆ ತಗಳ್ರಿ ಗೌಡ್ರೆ. ಹೆಣ್ಣು ನೋಡಕ್ಕೆ ಬಂದಂಗೆ ಹಲ್ಲು ನೋಡ್ಕಂಡು ಕುಂತೀರಲ್ಲ!' ಎಂದಿದ್ದಳು. ಅವರು ಏಳಲಿಲ್ಲ. ಮೆತ್ತನೆ ತುಟಿಯ ಕಾಟ್ಲಾಗೆ ದಪ್ಪ ಕೊಕ್ಕೆ ಹಾಕಿದರೆ ತುಟಿ ಹರಿದು ಮೀನು ಹೋಗುತ್ತದೆ, ಗಟ್ಟಿ ದವಡೆಯ ಕೊರಮೀನಿಗೆ ಸಣ್ಣದು ಹಾಕಿದರೆ ಕೊಕ್ಕೆಯೇ ನೆಟ್ಟಗಾಗಿ ಹೋಗುತ್ತದೆ ಎಂದು ಆ ಹೆಂಗಸಿಗೇ ಪಾಠ ಹೇಳಿ ಬಂದರು.

ದಾರ ಕಟ್ಟುವುದರಲ್ಲೂ ಅವರದೇ ಒಂದು ರೀತಿಯಿತ್ತು. ಜಲಾಶಯದ ತಳದಲ್ಲಿ ಮುಳುಗಿದ ಹಳೆಯ ಹೊಲಗಳ ಬದುಗಳಿವೆ, ಕಲ್ಲುಗೋಡೆಗಳಿವೆ. ತಳಕ್ಕಿಳಿಯುವ ಸೀಸದ ಗುಂಡು ಅವುಗಳ ಸಂದಿಗೆ ಸಿಕ್ಕಿಬಿಟ್ಟರೆ ದಾರ, ಕೊಕ್ಕೆ, ಮೀನು ಎಲ್ಲ ಹೋದಂತೆ. ಅದಕ್ಕೆ ಅವರು ಗುಂಡನ್ನು ಮಾತ್ರ ಬೇರೊಂದು ಹಳೆಯ, ಪಿಸಿದ ದಾರದಲ್ಲಿ ಕಟ್ಟುತ್ತಿದ್ದರು. ಸಿಕ್ಕಿಕೊಂಡರೆ ಒಂದು ಎಳೆತ. ಹಳೆ ದಾರ ಹರಿದು ಗುಂಡು ತಳದಲ್ಲಿ ಉಳಿಯುತ್ತದೆ, ಮಿಕ್ಕದ್ದೆಲ್ಲ ಮೇಲೆ ಬರುತ್ತದೆ. ಇದನ್ನು ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ.

ಅವರು ಮೀನನ್ನು ಎಳೆಯುವ ಕ್ಷಣವನ್ನು ನಾನು ಬೆರಗಾಗಿ ನೋಡಿದ್ದೇನೆ. ನೀರ ಮೇಲಿನ ಬೆಂಡು ಒಮ್ಮೆ ಅಲುಗಿ ಸುಮ್ಮನಾಗುತ್ತಿತ್ತು. ನನಗೆ ಅದು ಗಾಳಿ ಎನ್ನಿಸುವುದು. ಅವರ ಮಣಿಕಟ್ಟು ಮಾತ್ರ ಚಕ್ಕೆಂದು ಮೇಲಕ್ಕೆ ಹೊರಳುತ್ತಿತ್ತು, ಅಷ್ಟರಲ್ಲಿ ಬಿದಿರಿನ ಕೋಲು ಬಾಗಿರುತ್ತಿತ್ತು. ಆ ಹೊರಳಿಗೆ ತಪ್ಪಿಸಿಕೊಂಡ ಮೀನನ್ನು ನಾನು ಕಾಣೆ. ಆ ಕೈಯೇ ಮುಂದೆ ಅವರ ಮಾನ ಕಳೆಯುತ್ತದೆಂದು ಯಾರಿಗೆ ಗೊತ್ತಿತ್ತು!

ಅವರಿಗೆ ಒಬ್ಬಳೇ ಮಗಳು. ಹಿರಿಯೂರಿನಲ್ಲಿ ಶಾಲೆಯ ಮೇಡಂ, ದಿನಾ ಮನೆಯಿಂದ ಬಸ್ಸಿನಲ್ಲಿ ಹೋಗಿಬರುತ್ತಿದ್ದಳು. ಅಪ್ಪನದೇ ಮೂಗು, ಅಪ್ಪನದೇ ದನಿ. ನಮ್ಮ ಕಛೇರಿಗೆ ಕರಾವಳಿಯ ಕಡೆಯಿಂದ ಒಬ್ಬ ಓವರ್ಸಿಯರ್ ಬಂದಿದ್ದ. ಮೀನುಗಾರರ ಮನೆಯ ಹುಡುಗ, ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ಮದುವೆಯಾದರೆ ಅವನನ್ನೇ ಎಂದು ಮಗಳು ಒಂದು ಸಂಜೆ ಅಪ್ಪನ ಎದುರು ನಿಂತು ಹೇಳಿದಳು. ಗೌಡ್ರು ಕೂಗಿದ ಕೂಗು ಕಾಲೊನಿಯ ಎಲ್ಲ ಮನೆಗೂ ಕೇಳಿಸಿತು. ಅವಳೂ ಕಡಿಮೆ ಕೂಗಲಿಲ್ಲ. ಆಮೇಲೆ ಇಬ್ಬರೂ ಮಾತು ಬಿಟ್ಟರು. ಆ ಮನೆಯಿಂದ ಸದ್ದೇ ಬರದಿದ್ದ ಆ ದಿನಗಳು ನಮಗೆಲ್ಲ ಏನೋ ಕೆಟ್ಟದ್ದಾದ ಹಾಗೆ ಅನ್ನಿಸುತ್ತಿದ್ದವು.

ಕೊನೆಗೆ ಅವರು ಒಂದು ತೀರ್ಮಾನಕ್ಕೆ ಬಂದರು. ಹುಡುಗನ ಮನೆಗೆ ಹೋಗುವುದು, ಅವನ ತಂದೆಯ ಎದುರು ಕೂತು ಈ ಸಂಬಂಧ ಬೇಡ ಎನ್ನುವುದು. 'ಕಾಗದದಾಗೆ ಬ್ಯಾಡ ಅನ್ನೋದು ಹೇಡಿ ಕೆಲ್ಸ. ಮುಖ ನೋಡಿ ಅನ್ನಬೇಕು' ಎಂದರು. ಹೊರಡುವ ಮುಂಚೆ ಅವರ ಹೆಂಡತಿ ನನ್ನನ್ನು ಹಿತ್ತಲ ಬಾಗಿಲಿಗೆ ಕರೆದು, 'ನೀವೂ ಜೊತೀಗೆ ಹೋಗ್ರಿ. ಇಲ್ದಿದ್ರೆ ಅಲ್ಲೂ ಕೂಗಾಡಿ ಬರ್ತಾರೆ' ಎಂದರು. ಹೊಸದುರ್ಗ, ಹೊಳಲ್ಕೆರೆ, ಶಿವಮೊಗ್ಗ ಎಂದು ಬಸ್ಸು ಬದಲಿಸುತ್ತ ನಾವು ಘಟ್ಟ ಇಳಿದೆವು. ಅವರ ಸೊಂಟದಲ್ಲಿ ಕಂಬಳಿ ಪಟ್ಟಿ ಇತ್ತು. ಬೇಡ ಎನ್ನಲು ಹೋಗುವವರಿಗೆ ಕೊಕ್ಕೆ ಯಾಕೆ ಎಂದು ನಾನು ಕೇಳಲಿಲ್ಲ.

ದಾರಿಯಲ್ಲಿ, ಕಿಟಕಿಯ ಕಡೆ ಮುಖ ಮಾಡಿ, ಅವರಾಗಿಯೇ ಹೇಳಿದರು. 'ಜಾತಿ ಮಾತು ಬಿಡು. ನನ್ನ ತಂಗೀನ ದೂರ ಕೊಟ್ಟಿದ್ವಿ, ಬಯಲುಸೀಮೆ ಆಚೆ. ಹೊಡೀತಿರಲಿಲ್ಲ ಕಣಪ್ಪ, ಬರೇ ಗದರ್ತಿದ್ರು. ಗಂಡ ಗದರ್ತಿದ್ದ, ಮಾವ ಗದರ್ತಿದ್ದ. ಇವಳ ಮಾತು ಬೇರೆ ಥರ ಅಂತ, ಕೆಲ್ಸ ನಿಧಾನ ಅಂತ. ಹಬ್ಬಕ್ಕೆ ಬಂದ್ರೆ ಮೂಲೇಲಿ ಕುಂತಿರಾಳು. ಕರೆದ್ರೆ ಬೆಚ್ಚಿ ಬೀಳಾಳು. ಹಂಗೇ ಒಣಗಿ ಹೋದ್ಲು. ನನ್ನ ಮಗಳು ಕಂಡಿಲ್ಲದ ಜನದಾಗೆ ಹೋಗಿ ಹಂಗಾದ್ರೆ ಕೇಳಕ್ಕೆ ನಾನೆಲ್ಲಿರ್ತೀನಿ?'

'ನೀವೂ ಗದರ್ತೀರಲ್ಲ ಗೌಡ್ರೆ' ಎಂದೆ, ಧೈರ್ಯ ಮಾಡಿ.

'ನಾನು ಗದರಿದ್ರೆ ಅವ್ಳು ತಿರುಗಿ ಗದರ್ತಾಳೆ. ಅಲ್ಲಿ ಯಾರಿಗೆ ತಿರುಗಿ ಗದರ್ತಾಳೆ?' ಎಂದರು.

ಹುಡುಗನ ಊರು ಹೊಳೆ ಸಮುದ್ರ ಸೇರುವ ಅಳಿವೆಯ ಬಾಯಲ್ಲಿತ್ತು. ಗೌಡ್ರು ಅದುವರೆಗೆ ಸಮುದ್ರ ಕಂಡವರಲ್ಲ, ನಾನೂ ಅಲ್ಲ. ತೆಂಗಿನ ಸಾಲು ದಾಟಿ ಮರಳಿಗೆ ಬಂದೆವು. ಅವರು ಚಪ್ಪಲಿ ಬಿಟ್ಟು ನಿಂತರು. ಮಾರಿಕಣಿವೆಯ ನೀರನ್ನು ಜೀವಮಾನವೆಲ್ಲ ಕಂಡ ಮನುಷ್ಯ, ಆ ನೀರಿನ ಎರಡೂ ತುದಿಗಳನ್ನು ಹುಡುಕುವವರಂತೆ ತಲೆ ಎಡಕ್ಕೂ ಬಲಕ್ಕೂ ತಿರುಗಿಸಿದರು. ಬಹಳ ಹೊತ್ತಾದ ಮೇಲೆ, 'ಇಷ್ಟು ನೀರಿಗೆ ಏರಿ ಎಲ್ಲೈತಪ್ಪ?' ಎಂದರು. ನಗಲು ಹೋದ ನನಗೆ ನಗು ಬರಲಿಲ್ಲ. ನನಗೂ ಅದೇ ಭಯವಾಗಿತ್ತು: ಇದನ್ನು ಹಿಡಿದು ನಿಲ್ಲಿಸಿರುವುದು ಯಾವುದು?

ಹುಡುಗನ ತಂದೆ ತೆಳ್ಳಗೆ, ಕಪ್ಪಗೆ, ಉಪ್ಪು ನೀರಿಗೆ ಬೆಂದ ಮೈಯವರು. ಸ್ವಂತ ದೋಣಿಯಲ್ಲಿ ಗಾಳ ಹಾಕುವ ಕಸುಬು. ನಾವು ಬರುವುದನ್ನು ಮಗ ಮೊದಲೇ ಕಾಗದದಲ್ಲಿ ತಿಳಿಸಿದ್ದ. 'ಬನ್ನಿ, ಕೂತ್ಕಣಿ' ಎಂದು ಎಳನೀರು ಕೊಟ್ಟರು. ಗೌಡ್ರು ಗಂಟಲು ಸರಿಮಾಡಿಕೊಂಡರು. ವಿಷಯ ಈಗ ಬರುತ್ತದೆ ಎಂದುಕೊಂಡೆ. ಆದರೆ ಅವರ ಕಣ್ಣು ಗೋಡೆಗೆ ನೇತುಹಾಕಿದ್ದ ಗಾಳದ ದಾರದ ಸುರುಳಿಯ ಮೇಲೆ ಬಿತ್ತು. ಎದ್ದು ಹೋಗಿ ಅದರ ತುದಿ ಹಿಡಿದು ನೋಡಿದರು. ತಳದಲ್ಲಿ ಸೀಸಕ್ಕೆ ಬದಲು ಒಂದು ಗುಂಡುಕಲ್ಲು. ಆ ಕಲ್ಲನ್ನು ಕಟ್ಟಿದ್ದು ಬೇರೊಂದು ಹಳೆಯ, ಪಿಸಿದ ದಾರದಲ್ಲಿ.

'ಇದು ಯಾಕೆ ಹಿಂಗೆ?' ಎಂದರು, ಗೊತ್ತಿದ್ದೂ.

'ತಳದಲ್ಲಿ ಬಂಡೆ ಮಾರಾಯ್ರೆ. ಸಿಕ್ಕಿಕೊಂಡ್ರೆ ಕಲ್ಲು ಹೋಗ್ಲಿ, ಮೀನು ಬರ್ಲಿ ಅಂತ.'

ಗೌಡ್ರು ಸೊಂಟದಿಂದ ಕಂಬಳಿ ಪಟ್ಟಿ ತೆಗೆದು, ಒಳಗೆ ಸುತ್ತಿಟ್ಟಿದ್ದ ತಮ್ಮ ದಾರವನ್ನು ಬಿಚ್ಚಿ ಅವರ ಕೈಗೆ ಕೊಟ್ಟರು. ಅವರು ತುದಿಯ ಗಂಟು ನೋಡಿದರು, ಗೌಡ್ರನ್ನು ನೋಡಿದರು, ಮತ್ತೆ ಗಂಟು ನೋಡಿದರು. ಒಬ್ಬರು ಕಡಲು ಕಾಣದವರು, ಒಬ್ಬರು ಘಟ್ಟ ಹತ್ತದವರು. ಇಬ್ಬರೂ ತಮ್ಮ ತಮ್ಮ ನೀರಿನ ಪಕ್ಕ ಒಂದೇ ಗಂಟಿಗೆ ಬಂದು ತಲುಪಿದ್ದರು. ಮದುವೆಯ ಮಾತು ಆ ದಿನ ಬರಲೇ ಇಲ್ಲ. ಬೆಳಿಗ್ಗೆ ದೋಣಿಯಲ್ಲಿ ಹೋಗಿಬರುವುದೆಂದು ತೀರ್ಮಾನವಾಯಿತು. ಹುಡುಗನ ತಂದೆ ಒಳಗೆ ಹೋದ ಮೇಲೆ ಗೌಡ್ರು ನನ್ನ ಕಿವಿಯಲ್ಲಿ, 'ನಾಳೆ ದೋಣಿಯಾಗೆ ಹೇಳ್ತೀನಿ' ಎಂದರು.

ಬೆಳಕು ಹರಿಯುವಾಗ ದೋಣಿ ಅಳಿವೆ ದಾಟಿತು. ಹುಟ್ಟು ಹಾಕುವವನೊಬ್ಬ, ನಾವು ಮೂವರು. ಬಂಡೆಗಳ ಮೇಲಿನ ನೀರಿಗೆ ಬಂದು ಲಂಗರು ಬಿಟ್ಟಾಗ ನನಗೆ ವಾಂತಿ ಶುರುವಾಗಿತ್ತು. ಅವರಿಬ್ಬರೂ ಆಗಲೇ ಕೊಕ್ಕೆಯ ಜಗಳದಲ್ಲಿದ್ದರು. ಹುಡುಗನ ತಂದೆಯ ಕೊಕ್ಕೆಗಳ ಮೊನೆ ನೇರವಾಗಿರಲಿಲ್ಲ, ಇಕ್ಕಳದಲ್ಲಿ ಒಳಕ್ಕೆ ಬಗ್ಗಿಸಿದ್ದರು.

'ಮೊನೆ ಹೊಟ್ಟೆ ಕಡೀಗೆ ತಿರುಗೈತೆ. ಇದು ಯಾವ ಮೀನಿಗೆ ಚುಚ್ಚುತ್ತೆ?' ಎಂದರು ಗೌಡ್ರು.

'ಚುಚ್ಚೂದು ಬೇಡ. ಮೀನು ನುಂಗಿ ತಿರುಗಿ ಹೋಗ್ತದೆ. ಹೋಗುವಾಗ ಬಾಯಿಯ ಮೂಲೆಗೆ ತಾನೇ ಸಿಕ್ಕಿಕೊಳ್ತದೆ. ನೀವು ಎಳೀಬಾರ್ದು, ಅಷ್ಟೇ.'

ಎಳೆಯದೆ ಮೀನು ಹಿಡಿಯುವುದೇ! ಗೌಡ್ರಿಗೆ ಅದು ಒಪ್ಪಲಾಗದ ಮಾತು. ತಮ್ಮ ಪಟ್ಟಿಯ ಆ ತುದಿಯ ದೊಡ್ಡ ಕೊಕ್ಕೆಯನ್ನೇ ತೆಗೆದು, ಉಗುರಿನ ಮೇಲೆ ಎಳೆದು ನೋಡಿ, ಕಟ್ಟಿಕೊಂಡರು. ಮೀನಿನ ಹಲ್ಲಿಗೆ ದಾರ ತುಂಡಾಗದಂತೆ ಕೊಕ್ಕೆಯ ಮೇಲೆ ಗೇಣುದ್ದ ತಂತಿ ಸೇರಿಸಬೇಕೆಂಬ ಅವರ ಮಾತಿಗೆ ಮಾತ್ರ ಒಪ್ಪಿದರು. ಸಿಕ್ಕಿಸಿದ ಸೀಗಡಿ ಮೆತ್ತಗಿದ್ದು ಉದುರಿ ಬೀಳುತ್ತಿತ್ತು. ಅವರು ಟವೆಲ ಅಂಚಿನಲ್ಲಿ ಗಂಟು ಹಾಕಿಟ್ಟಿದ್ದ ಉಣ್ಣೆಯ ಎಳೆ ಬಿಚ್ಚಿ ಸೀಗಡಿಯನ್ನು ಕೊಕ್ಕೆಗೆ ಸುತ್ತಿದರು. ಹುಡುಗನ ತಂದೆ ಕೈ ಚಾಚಿ, 'ನನಗೂ ಒಂಚೂರು ಕೊಡಿ' ಎಂದರು.

ಕಡಲಿನಲ್ಲಿ ಬೆಂಡಿಲ್ಲ, ಕೋಲಿಲ್ಲ. ಬರಿಗೈಯಲ್ಲಿ ದಾರ ಹಿಡಿದು ಕೂರಬೇಕು. ನಮ್ಮ ನಿಂತ ನೀರಿನ ಮನುಷ್ಯನಿಗೆ ಇಲ್ಲೇ ಎಡವಟ್ಟಾಯಿತು. ಅಲೆ ದೋಣಿಯನ್ನು ಎತ್ತಿದಾಗಲೆಲ್ಲ ದಾರ ಬಿಗಿಯುತ್ತಿತ್ತು. ಬಿಗಿದಾಗಲೆಲ್ಲ ಅವರು ಮೀನೆಂದು ಜಗ್ಗಿ ಎಳೆಯುತ್ತಿದ್ದರು. ಇಡೀ ಸಮುದ್ರವೇ ಅವರ ಗಾಳ ಕಚ್ಚುತ್ತಿತ್ತು. 'ಅದು ನೀರು ಮಾರಾಯ್ರೆ' ಎಂದು ಅವರು ಹೇಳುವುದು, ಇವರು ಎಳೆಯುವುದು. ಗೌಡ್ರ ಮುಖ ಕೆಂಪಾಗುತ್ತಿತ್ತು. ಅವರು ಅಷ್ಟು ಸೋತು ಕೂತದ್ದನ್ನು ನಾನು ಕಂಡಿರಲಿಲ್ಲ.

ಆಮೇಲೆ ನಿಜವಾಗಿಯೇ ಮೀನು ಕಚ್ಚಿತು. ಬಂಡೆಗಳ ಸಂದಿಯಲ್ಲಿ ಬದುಕುವ ಮುರುಮೀನು, ದಪ್ಪ ತಲೆಯದು. ಗೌಡ್ರು ಗೇಣುಗೇಣಾಗಿ ದಾರ ಸೇದಿದರು. ಮೀನು ನೀರಿನ ಮೇಲೆ ಬಂತು. ಹುಡುಗನ ತಂದೆ ದೋಣಿಯಂಚಿಗೆ ಬಾಗಿ ಅದನ್ನು ಎತ್ತಲು ಕೈ ನೀಡಿದರು. ಅಷ್ಟರಲ್ಲಿ ದೋಣಿ ಅಲೆಯಿಂದ ಕೆಳಗಿಳಿದು ದಾರ ಸಡಿಲವಾಯಿತು. ಮೀನು ತಪ್ಪಿತೆಂದು ಗೌಡ್ರ ಮಣಿಕಟ್ಟು ತಾನಾಗಿಯೇ ಹೊರಳಿತು. ಅದೇ ಹೊರಳು, ಬೆಂಡು ಅಲುಗಿದಾಗಿನದು, ಆದರೆ ಮೈಯ ಬಲವನ್ನೆಲ್ಲ ಹಾಕಿ. ಕೊಕ್ಕೆ ಮೀನಿನ ಬಾಯಿಂದ ಕಿತ್ತು ಹಾರಿ ಹುಡುಗನ ತಂದೆಯ ಅಂಗೈಗೆ, ಹೆಬ್ಬೆರಳ ಬುಡದ ಮಾಂಸಕ್ಕೆ, ಬಾಗಿನವರೆಗೂ ನಾಟಿತು.

ನನ್ನ ವಾಂತಿ ನಿಂತೇ ಹೋಯಿತು. ಹುಟ್ಟು ಹಾಕುವವನು 'ಅಯ್ಯೋ!' ಎಂದು ಕೂಗಿದ. ಹುಡುಗನ ತಂದೆ ಕೂಗಲಿಲ್ಲ. ಕೈಯನ್ನು ಮಡಿಲಿಗೆ ತಂದುಕೊಂಡು ನೋಡಿದರು. ಬೆವರು ಕಿತ್ತು ಬರುತ್ತಿದ್ದ ಮುಖ ಎತ್ತಿ, ಮೆಲ್ಲಗೆ, 'ಇದು ದೊಡ್ಡದೇ ಸಿಕ್ತು ಗೌಡ್ರೆ' ಎಂದರು.

ಗೌಡ್ರು ದಾರ ಕೈಬಿಟ್ಟರು. ಬೇಡ ಎನ್ನಲು ಬಂದ ಮನೆಯ ಹಿರಿಯನ ಕೈಗೆ, ಅವರ ಅನ್ನದ ಕೈಗೆ, ತಮ್ಮ ಕೊಕ್ಕೆ. ಆಮೇಲೆ ಏನಾಯಿತೋ, ಜಾರುತ್ತ ಹೋಗಿ ಅವರ ಮುಂದೆ ಮಂಡಿಯೂರಿ ಆ ಕೈಯನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು.

'ಹಿಂದಕ್ಕೆ ಎಳೆದ್ರೆ ಕೊಕ್ಕೆ ಮೊನೇಲಿರೋ ಮುಳ್ಳು ಮಾಂಸ ಕೀಳ್ತೈತೆ. ಮುಂದಕ್ಕೇ ತಳ್ಳಿ ಆಚೆ ತೆಗೀಬೇಕು. ಕುರಿ ಕಾಲಿಗೆ ಕೊಂಡಿ ಮುಳ್ಳು ಹೊಕ್ಕರೆ ಹಂಗೇ ಮಾಡ್ತೀವಿ. ನೋಯ್ತೈತೆ ಸ್ವಾಮಿ' ಎಂದರು.

'ಮಾಡಿ' ಎಂದು ಅವರು ಮುಖವನ್ನು ಸಮುದ್ರದ ಕಡೆ ತಿರುಗಿಸಿದರು.

ಅಲೆಗಳ ಮೇಲೆ ದೋಣಿ ಏರಿಳಿಯುತ್ತಿತ್ತು. ಗೌಡ್ರು ಅದು ಏರುವಾಗ ಸುಮ್ಮನಿದ್ದು, ಮೇಲೆ ಹೋಗಿ ನಿಂತ ಆ ಚಿಕ್ಕ ಗಳಿಗೆಗಳಲ್ಲಿ ಮಾತ್ರ ಕೊಕ್ಕೆಯನ್ನು ಅದರ ಬಾಗಿನ ಜಾಡಿನಲ್ಲೇ ಮುಂದೊತ್ತಿದರು. ಮೊನೆ ಚರ್ಮ ಹರಿದು ಆಚೆ ಮೂಡಿತು. ಇಕ್ಕಳದಲ್ಲಿ ಮೊನೆಯನ್ನು ಮುಳ್ಳಿನ ಸಮೇತ ಕತ್ತರಿಸಿ, ಮಿಕ್ಕದ್ದನ್ನು ಬಂದ ದಾರಿಯಲ್ಲೇ ನಿರಾಯಾಸವಾಗಿ ಹಿಂದಕ್ಕೆ ಜಾರಿಸಿದರು. ಉಪ್ಪು ನೀರಿನಲ್ಲಿ ತೊಳೆದು ಟವೆಲು ಹರಿದು ಕಟ್ಟಿದರು. ಬೆಳಗಿನಿಂದ ಅಲೆಯ ಎದುರು ಸೋತಿದ್ದ ಮನುಷ್ಯ, ಆ ಕೈ ಮಡಿಲಲ್ಲಿದ್ದಷ್ಟು ಹೊತ್ತಿನಲ್ಲಿ ಅಲೆಯ ಲಯ ಕಲಿತುಬಿಟ್ಟಿದ್ದರು. ಅದನ್ನು ನಾನು ನನ್ನ ಕಣ್ಣಾರೆ ಕಂಡೆ. ಕೈ ಮುಗಿಯಬೇಕೆನ್ನಿಸಿತು. ಯಾರಿಗೆ ಎಂದು ತಿಳಿಯಲಿಲ್ಲ, ಕೊಕ್ಕೆ ತೆಗೆದವರಿಗೋ ತೆಗೆಸಿಕೊಂಡವರಿಗೋ.

'ಹೋಗಾಣ, ದಡಕ್ಕೆ ಹೋಗಾಣ' ಎಂದರು ಗೌಡ್ರು.

'ಎಂತಕ್ಕೆ? ಇನ್ನೂ ಮೀನೇ ಬರ್ಲಿಲ್ಲ. ನನ್ನ ಕೈ ಇವತ್ತಿಗಿಲ್ಲ, ನನ್ನ ದಾರವನ್ನೂ ನೀವೇ ಹಿಡೀರಿ' ಎಂದರು ಅವರು.

ಗೌಡ್ರು ತಮ್ಮ ಕೊಕ್ಕೆಗಳನ್ನು ಸುತ್ತಿಟ್ಟರು. ಒಳಕ್ಕೆ ಬಗ್ಗಿಸಿದ ಕೊಕ್ಕೆಗಳಿದ್ದ ದಾರ ತೆಗೆದುಕೊಂಡು, ಸೀಗಡಿಗೆ ಉಣ್ಣೆ ಸುತ್ತಿ ಇಳಿಬಿಟ್ಟರು. ದಾರವನ್ನು ತೋರುಬೆರಳ ಮೇಲೆ ಹಾಯಿಸಿ ಕಣ್ಣು ಮುಚ್ಚಿದರು. ಅಲೆ ಎತ್ತಿತು, ದಾರ ಬಿಗಿಯಿತು, ಅವರು ಅಲುಗಲಿಲ್ಲ. ಇಳಿಸಿತು, ಸಡಿಲಾಯಿತು, ಅಲುಗಲಿಲ್ಲ. ಬಹಳ ಹೊತ್ತಿನ ಮೇಲೆ, ಕಣ್ಣು ತೆರೆಯದೆಯೇ, 'ಬಂದೈತೆ' ಎಂದು ಪಿಸುಗುಟ್ಟಿದರು. ನನಗೆ ಯಾವ ವ್ಯತ್ಯಾಸವೂ ಕಾಣಲಿಲ್ಲ. 'ತಿರುಗ್ತು' ಎಂದರು. ಆಮೇಲೆ ದಾರ ತಾನೇ ಅವರ ಬೆರಳಿನಿಂದ ಜಾರಿ ಓಡತೊಡಗಿತು. ಎಳೆಯದೆ ಬಂದ ಆ ಮೊದಲ ಮೀನನ್ನು ದೋಣಿಗೆ ಎತ್ತಿಕೊಂಡಾಗ ಅವರ ಕಣ್ಣಲ್ಲಿ ನೀರಿತ್ತು. ಉಪ್ಪು ನೀರು ಹಾರಿದ್ದೂ ಇರಬಹುದು. ಬಿಸಿಲೇರುವವರೆಗೆ ಅವರು ಆ ಮನೆಯ ದಿನದ ಮೀನನ್ನು ಆ ಮನೆಯವರಂತೆ ಹಿಡಿದರು.

ದಡದಲ್ಲಿ ಹುಡುಗನ ತಾಯಿ ಕಾಯುತ್ತಿದ್ದರು. ಗಂಡನ ಕೈಯ ರಕ್ತದ ಬಟ್ಟೆ ಕಂಡು, 'ಎಂತ ಆಯ್ತು?' ಎಂದು ಗಾಬರಿಯಾದರು. ಗೌಡ್ರು ಹೇಳಲು ಬಾಯಿ ತೆರೆದರು. ಅವರಿಗಿಂತ ಮೊದಲು ಹುಡುಗನ ತಂದೆ, 'ನನ್ನದೇ ಗಡಿಬಿಡಿ. ನೋಡ್ದೆ ಕೈ ಹಾಕ್ದೆ, ಚುಚ್ಚಿತು. ಇವರಿದ್ದದ್ದಕ್ಕೆ ಆಯ್ತು' ಎಂದು ಒಳಗೆ ನಡೆದರು. ಗೌಡ್ರು ಮೀನಿನ ಬುಟ್ಟಿ ಎತ್ತಿಕೊಂಡು ಅವರ ಹಿಂದೆ ನಡೆದರು.

ಮಧ್ಯಾಹ್ನ ಎಲೆಯ ಮೇಲೆ ಮೀನು ಬಂತು. ಗೌಡ್ರು ಮುಳ್ಳುಗಳನ್ನು ಒಂದೊಂದಾಗಿ ಆರಿಸಿ ಎಲೆಯಂಚಿಗೆ ಸಾಲಾಗಿ ಇಟ್ಟು ಪೂರ್ತಿ ಉಂಡರು. ನಾನು ಗಂಜಿ, ಉಪ್ಪಿನಕಾಯಿ ಉಂಡೆ. ಮದುವೆ ಎಂಬ ಮಾತನ್ನು ಯಾರೂ ಎತ್ತಲಿಲ್ಲ. ಬಸ್ಸು ಹತ್ತುವಾಗ ಹುಡುಗನ ತಂದೆ, 'ನಿಜ ಹೇಳ್ತೆ, ಘಟ್ಟದ ಮೇಲಿನ ಹುಡುಗಿ ನಮಗೆ ಹೊಂದಿಕೆ ಆಗೂದಿಲ್ಲ ಅಂತ ಹೇಳ್ಬೇಕು ಅಂತಿದ್ದೆ. ಈಗ ಹೇಳೂಕಾಗ್ತಿಲ್ಲ. ನೀವು ಹೇಗೆ ಅಂತೀರೋ ಹಾಗೆ' ಎಂದರು. ಗೌಡ್ರು ಅವರ ಕಟ್ಟಿದ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ದಾರಿಯುದ್ದಕ್ಕೂ ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಮಾರಿಕಣಿವೆಯಲ್ಲಿ ಮಗಳು ಉತ್ತರಕ್ಕೆ ಕಾದಿದ್ದಳು, ಹೂಂ ಎನ್ನುವುದು ಈ ಮನುಷ್ಯನ ಬಾಯಿಗೆ ಸುಲಭದ ಮಾತಲ್ಲ.

ನಾವು ಕಾಲೊನಿಗೆ ಬಂದಾಗ ಸಂಜೆ. ನಲ್ಲಿಯ ಹತ್ತಿರ ಹೆಂಗಸರು ಕೊಡ ಹಿಡಿದು ನಿಂತಿದ್ದರು. ಗೌಡ್ರನ್ನು ಕಂಡು ಎಲ್ಲ ಸುಮ್ಮನಾದರು. ಮಗಳು ಚೊಂಬಿನಲ್ಲಿ ನೀರು ತಂದು ಜಗುಲಿಯ ಮೇಲಿಟ್ಟು ಮಾತಿಲ್ಲದೆ ತಿರುಗಿದಳು. ಗೌಡ್ರು ಕಾಲು ತೊಳೆಯಲಿಲ್ಲ. ಜಗುಲಿಯ ಮೇಲೆ ಕೂತು ಅವಳ ಬೆನ್ನಿಗೆ ಮಾತು ಶುರು ಮಾಡಿದರು.

'ಆ ಹುಡುಗನ ಅಪ್ಪನ ಅಂಗೈಗೆ ನನ್ನ ಕೊಕ್ಕೆ ನೆಟ್ಟುಬಿಡ್ತು ಕಣವ್ವ. ನಾನೇ ಎಳೆದಿದ್ದು. ತಪ್ಪು ನಂದೇ. ಆ ಮನುಷ್ಯ ದನಿ ಎತ್ತಲಿಲ್ಲ. ನನಗೂ ಒಂದು ಮಾತು ಅನ್ನಲಿಲ್ಲ. ಹೆಂಡ್ತಿಗೂ ನನ್ನ ಹೆಸರು ಹೇಳಲಿಲ್ಲ.'

ಅವಳು ಬಾಗಿಲಲ್ಲಿ ನಿಂತಳು. ಅವರು ತಲೆ ತಗ್ಗಿಸಿ ತಮ್ಮ ಅಂಗೈ ನೋಡಿಕೊಳ್ಳುತ್ತ ಇನ್ನೂ ಏನೋ ಹೇಳಿದರು. ಎಷ್ಟು ಮೆಲ್ಲಗೆಂದರೆ ಪಕ್ಕದಲ್ಲಿದ್ದ ನನಗೂ ಕೇಳಿಸಲಿಲ್ಲ. ಆ ಮನೆಯಲ್ಲಿ ಅಂಥ ದನಿ ಯಾರೂ ಕೇಳಿರಲಿಲ್ಲ.

'ಏನಂದೆ ಅಪ್ಪಾ?' ಎಂದಳು ಮಗಳು.

ಗೌಡ್ರು ತಲೆಯೆತ್ತಿದರು. ಒಮ್ಮೆ ಕೆಮ್ಮಿದರು. ಆಮೇಲೆ ಎಂದಿನ ದನಿಯಲ್ಲಿ, 'ಆ ಮನೇಗೆ ಹೋಗಿ ಬಾಳವ್ವ ಅಂದೆ!' ಎಂದು ಕೂಗಿದರು. ನಲ್ಲಿಯ ಹತ್ತಿರವಿದ್ದವರೆಲ್ಲ ಕೊಡ ಕೆಳಗಿಟ್ಟು ಇತ್ತ ತಿರುಗಿದರು.